ಸೀರೆ ಗಂಟು ಜಾರುತ್ತಿದ್ದ ದಾರಿ

ಜನವರಿಯ ಮೂರನೇ ಭಾನುವಾರ, ಬೆಳಿಗ್ಗೆ ಆರೂಕಾಲಿಗೆ ನಮ್ಮೂರು ನೆಗಮಂನ ಮನೆಯಿಂದ ಆನೆಮಲೆಯ ಬುಡದ ಕಡೆಗೆ ಸೈಕಲ್ ಹತ್ತಿದೆ. ವಾಹನಗಳಿಲ್ಲದ ಜಲ್ಲಿ ದಾರಿಗಳನ್ನು ಡೈರಿಯಲ್ಲಿ ಬರೆದಿಡುತ್ತೇನೆ, ಇದು ಒಂಬತ್ತನೆಯದು. ಆದರೆ ಈ ಸಲ ಹುಡುಕುತ್ತಿದ್ದುದು ಒಂದು ಹಾಸುಬಂಡೆಯನ್ನು.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ನಮ್ಮ ಮಗ್ಗದ ಸೀರೆಗಳನ್ನು ಸೈಕಲ್ಲಿನ ಹಿಂದೆ ಕಟ್ಟಿ, ನನ್ನನ್ನು ಮುಂದೆ ಕೂರಿಸಿಕೊಂಡು ಕಾಡಂಚಿನ ಊರುಗಳಿಗೆ ಮಾರಲು ಹೋಗುತ್ತಿದ್ದರು. ಒಂದು ಕಲ್ಲಿನ ಇಳಿಜಾರಿನಲ್ಲಿ ಗಂಟು ಪಕ್ಕಕ್ಕೆ ಜಾರುತ್ತಿತ್ತು. ಅಲ್ಲಿದ್ದ ಬಂಡೆಯ ಮೇಲೆ ಅದನ್ನಿಳಿಸಿ ಅವರು ಮತ್ತೆ ಬಿಗಿಯುವವರೆಗೆ ನಾನು ಪಕ್ಕದಲ್ಲಿ ಕೂತು ಚಕ್ಕುಲಿಯಂಥ ಮುರುಕು ತಿನ್ನುತ್ತಿದ್ದೆ. ಈಗ ಅವರಿಗೆ ಮಂಡಿನೋವು. ನಡೆಯಲು ಆಗುವಾಗಲೇ ಒಮ್ಮೆ ಆ ಬಂಡೆಯ ಮೇಲೆ ಕೂರಬೇಕು ಎನ್ನುತ್ತಾರೆ. ಗುರುತು ಕೇಳಿದರೆ, "ಗಂಟು ಜಾರೋ ಜಾಗ" ಎಂದಷ್ಟೇ ಉತ್ತರ.

ನನ್ನ ಸೈಕಲ್ಲಿನ ದಪ್ಪ ಟೈರಿಗೆ ಎಲ್ಲ ಇಳಿಜಾರೂ ಒಂದೇ. ಅದಕ್ಕೇ, ಜಾರಿದ ಕಡೆ ಬಂಡೆ ಇರಬಹುದೆಂದು, ಹಳೆ ಸೀರೆಗಳ ಗಂಟೊಂದನ್ನು ಹಿಂದೆ ಕಟ್ಟಿಕೊಂಡಿದ್ದೆ. ಕಾಲುವೆ ದಾಟಿದ ಮೇಲೆ ಮೊದಲ ಇಳಿಜಾರಿನಲ್ಲೇ ಅದು ಜಾರಿತು. ಸುತ್ತ ಬರೀ ಪೊದೆ, ಬಂಡೆ ಇರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಅಷ್ಟು ಬೇಗ ಜಾರಿತಾ? ಕಟ್ಟಿದ್ದು ಯಾರು ಸಾಮಿ, ನೀನಾ?" ಎಂದು ನಕ್ಕರು. "ಇನ್ನೂ ಮುಂದೆ ಹೋಗು."

ಮುಂದೆ ದಾರಿ ಎರಡಾಗಿ ಒಡೆದಿತ್ತು. ಎರಡರಲ್ಲೂ ಕಾಡಿನಂಚಿನ ತನಕ ಹೋಗಿ ಬಂದೆ. ಬಂಡೆ ಸಿಗಲಿಲ್ಲ. ಚಿಕ್ಕಪ್ಪ ಮಾತ್ರ ಈಗಲೂ ದಿನಾ ಕೇಳುತ್ತಾರೆ. ಆ ಕಡೆ ಸೀರೆ ಹೊತ್ತು ಹೋದವರು, ಅಥವಾ ಆ ಬಂಡೆಯನ್ನು ಕಂಡವರು ಯಾರಾದರೂ ಇದ್ದರೆ, ಯಾವ ಕವಲಿನಲ್ಲಿ, ಎಲ್ಲಿ ಹುಡುಕಬೇಕೆಂದು ದಯವಿಟ್ಟು ನನಗೆ ಬರೆದು ತಿಳಿಸಿ.