ಹಿಡಿಕೆ ಕಾಲ ಕಡೆಗಿತ್ತು

ಮಲಗಿದರೆ ನನಗೆ ಉಸಿರು ಸಿಗುವುದಿಲ್ಲ. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ ರೋಗ. ವಾಸಿಯಾಗುವುದಿಲ್ಲ, ಹಾಗೆಂದು ಬೇಗ ಮುಗಿಸುವುದೂ ಇಲ್ಲ. ಶಾಲೆಯಲ್ಲಿ ಕನ್ನಡ ಕಲಿಸುವಾಗ ನುಂಗಿದ ಚಾಕ್‌ಪೀಸಿನ ಧೂಳೇ ಕಾರಣ ಎಂದು ನಮ್ಮ ಅತನೂರಿನ ಜನ ತೀರ್ಮಾನಿಸಿದ್ದರು. ಡಾಕ್ಟರು ಅಲ್ಲವೆಂದರೂ ಊರು ಒಪ್ಪಲಿಲ್ಲ. ಎರಡು ವರ್ಷ ಗೋಡೆಗೆ ದಿಂಬು ಪೇರಿಸಿ, ಅದಕ್ಕೆ ಒರಗಿ ಕೂತೇ ನಿದ್ದೆ ಮಾಡಿದೆ. ಬೆಳಗಾಗುವಷ್ಟರಲ್ಲಿ ದಿಂಬುಗಳೊಂದು ಕಡೆ, ನಾನೊಂದು ಕಡೆ. ಕೊನೆಗೆ, ತಲೆಯ ಭಾಗ ಏರಿಸಿ ಇಳಿಸುವ ಮಂಚ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದರು.

ಸರಸಂಬಾದಲ್ಲಿರುವ ಅಕ್ಕ ಫೋನಿನಲ್ಲೇ ಬೇಡವೆಂದಳು. ಅಂಥದ್ದು ಆಸ್ಪತ್ರೆಯಲ್ಲಿರಬೇಕು, ಮನೆಗೆ ತಂದರೆ ಅಪಶಕುನ, ಬೇಕಾದರೆ ನನ್ನ ಹತ್ತಿರ ಬಂದು ಇರು ಎಂದಳು. ಅವಳ ಮನೆಯಲ್ಲಿ ಸೊಸೆಯಂದಿರಿಗೇ ಜಾಗ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಕಲಿಸಿದವಳು ನಾನು. ಇನ್ನೊಬ್ಬರ ಹಾಸಿಗೆಯಲ್ಲಿ ಚಾಚು ಎಂದು ಕಲಿಸಿರಲಿಲ್ಲ. ಮದುವೆಯಾಗದೆ ಉಳಿದವಳಿಗೆ ಒಬ್ಬಳೇ ಓಡಾಡುವುದು ಹೊಸದೂ ಅಲ್ಲ. ಬಸ್ಸು ಹತ್ತಿ ಕಲಬುರಗಿಗೆ ಹೋದೆ.

ಅಂಗಡಿಯಲ್ಲಿ ಎರಡು ಬಗೆಯವಿದ್ದವು. ಒಂದು ಕರೆಂಟಿನದು, ಗುಂಡಿ ಒತ್ತಿದರೆ ತಾನೇ ಏಳುತ್ತದೆ. ಮಲಗಿ ನೋಡಿದೆ. ಬೆನ್ನ ಕೆಳಗೆ ಯಾರೋ ಕೈ ಕೊಟ್ಟು ಎಬ್ಬಿಸಿದ ಹಾಗಾಯಿತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಯಾರೂ ಹಾಗೆ ಎಬ್ಬಿಸಿರಲಿಲ್ಲ. ಅಂಗಡಿಯಲ್ಲೇ ಅಳು ಬಂತು, ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡೆ. ಆದರೆ ನಮ್ಮೂರಿನ ಕರೆಂಟು ಯಾವಾಗ ಹೋಗಿ ಯಾವಾಗ ಬರುತ್ತದೆಂದು ದೇವರಿಗೇ ಗೊತ್ತು. ಮಂಚ ಚಪ್ಪಟೆಯಾಗಿದ್ದಾಗ ಹೋದರೆ ನನ್ನ ಗತಿಯೇನು?

ಇನ್ನೊಂದು ಕೈಯಿಂದ ತಿರುಗಿಸುವುದು. ತಲೆಯ ಭಾಗಕ್ಕೊಂದು, ಮೊಣಕಾಲಿನ ಭಾಗಕ್ಕೊಂದು ಹಿಡಿಕೆ. ಎರಡೂ ಇದ್ದದ್ದು ಕಾಲ ಕಡೆಗೆ, ಮಲಗಿದವಳ ಕೈಗೆ ಎಟುಕದ ಜಾಗದಲ್ಲಿ. ಅಂಗಡಿಯವನು ಕೇಳಬೇಕಾದ್ದನ್ನೇ ಕೇಳಿದ.

"ಹಿಡಿಕಿ ತಿರುವಾಕ ಮನ್ಯಾಗ ಯಾರದಾರ್ರಿ?"

ನಾನು ಹಾಸಿಗೆಯ ರೆಕ್ಸಿನ್ ಸವರುತ್ತ ಕೂತೆ. ತಲೆಯ ಭಾಗ ಒಮ್ಮೆ ಏರಿಸಿಟ್ಟರೆ ಮುಗಿಯಿತು, ಇನ್ನೊಬ್ಬರ ಗೊಡವೆ ಬೇಡ ಎಂದುಕೊಂಡು ಅದನ್ನೇ ಆರಿಸಿದೆ.

ಮಂಚ ಟೆಂಪೋದಲ್ಲಿ ಹಾಡಹಗಲೇ ಬಂತು. ಬಿಳಿ ಬಣ್ಣ, ಎರಡೂ ಬದಿಗೆ ಕಂಬಿ. ಇಡೀ ಓಣಿ ನಿಂತು ನೋಡಿತು. ಟೀಚರಿಗೆ ನಮ್ಮ ಕಡೆ ಬಾಯಿಯೋರು ಎನ್ನುತ್ತಾರೆ; ಬಾಯಿಯೋರು ಹಾಸಿಗೆ ಹಿಡಿದರು, ಇನ್ನು ಹೆಚ್ಚು ದಿನವಿಲ್ಲ ಎಂಬ ಸುದ್ದಿ ನಾನು ಮಂಚ ಹತ್ತುವ ಮೊದಲೇ ಊರು ಸುತ್ತಿತು. ಮಾರನೆಯ ದಿನದಿಂದ ಜನ ಬರತೊಡಗಿದರು. ಹಜ್‌ಗೆ ಹೊರಟವರ ಹತ್ತಿರ, ಸಾಯುವವರ ಹತ್ತಿರ ಹೋಗಿ 'ಕಹಾ ಸುನಾ ಮಾಫ್ ಕರೋ' ಎನ್ನುವುದು ನಮ್ಮವರ ರೂಢಿ. ಅಂದದ್ದು ಆಡಿದ್ದನ್ನೆಲ್ಲ ಕ್ಷಮಿಸಿಬಿಡು ಎಂದು. ನಮ್ಮ ಓಣಿಯಲ್ಲಿ ಹಿಂದೂಗಳೂ ಆ ಮಾತು ಕಲಿತಿದ್ದಾರೆ. ನಾನಂತೂ ಹಜ್‌ಗೆ ಹೊರಟಿರಲಿಲ್ಲ.

ನನ್ನ ಕೈಯಲ್ಲಿ ಏಟು ತಿಂದವರು ಈಗ ಮೀಸೆ ಹೊತ್ತು ಬಂದು ನನ್ನಿಂದಲೇ ಮಾಫಿ ಕೇಳಿದರು. ದಿಂಬಿಗೊರಗಿ ಕಳೆದ ಆ ಎರಡು ವರ್ಷ ಹೊಸ್ತಿಲು ತುಳಿಯದವರು ಬಾಳೆಹಣ್ಣು ತಂದರು. ಸಿಟ್ಟು ಬಂತು. ಮನೆ ತುಂಬಿದ್ದು ಹಿತವೂ ಆಯಿತು, ಸುಳ್ಳೇಕೆ. ಸಾಯುತ್ತಿಲ್ಲ ಎಂದರೆ ಎಲ್ಲಿ ಎದ್ದು ಹೋಗುತ್ತಾರೋ ಎಂದು ಸುಮ್ಮನಿದ್ದೆ.

ಕೊನೆಗೆ ಪಕ್ಕದ ಮನೆಯವಳೂ ಬಂದಳು. ನನ್ನ ಬಚ್ಚಲ ನೀರು ಅವಳ ಬಾಗಿಲ ಮುಂದೆ ಹರಿಯುತ್ತದೆಂದು ಜಗಳವಾಗಿ, ನಾವು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸೆರಗು ತಲೆಯ ಮೇಲೆಳೆದುಕೊಂಡು, ನೆಲ ನೋಡುತ್ತ ಅವಳೂ ಮಾಫಿ ಕೇಳಿದಳು. ಮಾಫ್ ಮಾಡಿದೆ ಎಂದೆ.

ಆಮೇಲೆ ನಾನು ಸಾಯಲಿಲ್ಲ. ಅದೇ ತೊಂದರೆಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೈಬೀಸಿ ಹೊರಟವನು ಬಸ್ಸು ತಪ್ಪಿ ಮನೆಗೆ ವಾಪಸಾದಂತಾಯಿತು ನನ್ನ ಪಾಡು. ವಿದಾಯ ಹೇಳಿ ಮುಗಿಸಿದವರಿಗೆ ಮತ್ತೆ ಬಂದು ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಮೊದಲಿದ್ದ ಒಂಟಿತನ ನನಗೆ ರೂಢಿಯಾಗಿತ್ತು. ಮನೆ ತುಂಬಿ ಖಾಲಿಯಾದ ಮೇಲೆ ಬಂದದ್ದನ್ನು ತಾಳಿಕೊಳ್ಳಲಾಗಲಿಲ್ಲ.

ಮಂಚವೂ ನನ್ನ ಮಾತು ಕೇಳಲಿಲ್ಲ. ತಲೆಯ ಭಾಗ ಮಾತ್ರ ಏರಿಸಿ ಮಲಗಿದರೆ ಮೈ ಕೆಳಗೆ ಜಾರುತ್ತದೆ. ಮೊಣಕಾಲಿನ ಭಾಗ ಮೊದಲೇ ಏರಿಸಿಟ್ಟರೆ ಮಂಚ ಹತ್ತಲಾಗದು; ಮಲಗಿದ ಮೇಲೆ ಅದನ್ನೂ ಯಾರಾದರೂ ಏರಿಸಿದರೆ ಮಾತ್ರ ಮೈ ನಿಲ್ಲುತ್ತದೆ. ನಾನು ಜಾರುತ್ತಿದ್ದೆ, ಕಂಬಿ ಹಿಡಿದು ಮೇಲೆ ಬರುತ್ತಿದ್ದೆ, ಏದುಸಿರು ಬಿಡುತ್ತಿದ್ದೆ, ಮತ್ತೆ ಜಾರುತ್ತಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಆಡು ನನ್ನ ಅಡುಗೆಮನೆಗೆ ನುಗ್ಗಿತು. ಅದನ್ನು ಬೈಯುತ್ತ ಒಳಗೆ ಬಂದವಳು, ಮಂಚದ ಕೆಳತುದಿಗೆ ಮುದ್ದೆಯಾಗಿ ಬಿದ್ದಿದ್ದ ನನ್ನನ್ನು ಕಂಡು ನಿಂತಳು. ಸಾಯುವುದು ಇವತ್ತೇ ಇರಬೇಕು ಎಂದುಕೊಂಡಳೋ ಏನೋ. ನಾನು ಏದುಸಿರಿನಲ್ಲೇ ಜಾರುವ ಕಥೆ ಹೇಳಿದೆ. ಅವಳು ನನ್ನ ಕಂಕುಳಿಗೆ ಕೈ ಹಾಕಿ ಮೇಲೆ ಸರಿಸಿದಳು. ಆಮೇಲೆ ಮಂಚದ ಕಾಲ ಕಡೆ ಕುಕ್ಕರಗಾಲಲ್ಲಿ ಕೂತು ಹಿಡಿಕೆ ತಿರುಗಿಸಿದಳು. ಮೊಣಕಾಲು ಮೆಲ್ಲಗೆ ಮೇಲೆದ್ದವು.

"ಇಷ್ಟ ಸಾಕೇನ್ರಿ?"

ಇನ್ನೂ ಸ್ವಲ್ಪ ಎಂದೆ. ತಿರುಗಿಸಿದಳು. ಮೈ ನಿಂತಿತು, ಉಸಿರು ಬಂತು. ಇಷ್ಟು ದಿನ ಯಾಕೆ ಕರೆಯಲಿಲ್ಲ ಎಂದು ಅವಳು ಕೇಳಲಿಲ್ಲ, ಯಾಕೆ ಬರಲಿಲ್ಲ ಎಂದು ನಾನೂ ಕೇಳಲಿಲ್ಲ. ಆಡಿನ ಕಿವಿ ಹಿಡಿದು ಎಳೆದುಕೊಂಡು ಹೊರಟವಳು ಹೊಸ್ತಿಲಲ್ಲಿ ತಿರುಗಿದಳು.

"ಸಂಜೀಕ ಇಳಸಾಕ ಬರ್ತೇನಿ. ಅಲ್ಲೀತನ ಒಬ್ಬಾಕಿನ ಇಳ್ಯಾಕ ಹೋಗಬ್ಯಾಡ್ರಿ ಬಾಯಿಯೋರ."

ಬಾಗಿಲು ತೆರೆದೇ ಇತ್ತು. ನಾನು ಅದನ್ನೇ ನೋಡುತ್ತ ಒರಗಿದ್ದೆ. ಯಾರಾದರೂ ಬರುತ್ತಾರೆಂದು ಕಾಯುವುದು ನನಗೆ ಮರೆತೇಹೋಗಿತ್ತು.