ಮುಷ್ಟಿಯೊಳಗಿನ ಮೂರು ಅಕ್ಷರ

"ಕೈಯಾಗಿನ ಅಕ್ಷರ ಇಡೋ ಸಂಗಪ್ಪಾ, ಎಷ್ಟೊತ್ತು ಹಿಡಕೊಂಡು ಕುಂದರ್ತಿ?" ಎಂದೆ.

ನೇಕಾರ ಗೆಳೆಯ ಸಂಗಪ್ಪ ಮುಷ್ಟಿ ಬಿಗಿಹಿಡಿದು ಕೂತಿದ್ದ. ಪ್ಲೇಗಿಗೆ ಹೆದರಿ ಇಳಕಲ್ಲಿನ ನಾವೆಲ್ಲ ಊರ ಹೊರಗಿನ ಗುಡಿಸಲುಗಳಲ್ಲಿದ್ದ ಕಾಲ. ಅವನ ಒಬ್ಬಳೇ ಮಗಳು ತೀರಿಕೊಂಡು ತಿಂಗಳಾಗಿತ್ತು. ದುಃಖ ಸ್ವಲ್ಪ ಮರೆಯಲೆಂದು, ಶಾಲಾ ಮಾಸ್ತರನಾದ ನಾನೇ ಅವನನ್ನು ಆಟಕ್ಕೆ ಕೂರಿಸಿದ್ದೆ. ಮಗ್ಗದ ಮುರಿದ ಲಾಳಿಗಳ ಕಟ್ಟಿಗೆಯಲ್ಲಿ ಅವನೇ ಕೊರೆದ ಅಕ್ಷರದ ಬಿಲ್ಲೆಗಳು ಅವು. ಒಬ್ಬರು ಇಟ್ಟ ಪದಕ್ಕೆ ಇನ್ನೊಬ್ಬರು ಅಕ್ಷರ ಸೇರಿಸಿ ದೊಡ್ಡ ಪದ ಮಾಡಿದರೆ, ಆ ಪದ ಅವರದಾಗುತ್ತಿತ್ತು. ನಾನು 'ರಸ' ಇಟ್ಟರೆ ಅವನು 'ಅ' ಹಚ್ಚಿ 'ಅರಸ' ಮಾಡಿ ಕಸಿದುಕೊಳ್ಳುತ್ತಿದ್ದ. ಅಂಥ ಅಕ್ಷರವನ್ನು ಕೊನೆಯವರೆಗೂ ಕಾದಿಟ್ಟುಕೊಳ್ಳುವುದೇ ಅವನ ಜಾಣತನ.

ಅಂದು ಅವನು ಮೆಲ್ಲಗೆ ಮುಷ್ಟಿ ಬಿಚ್ಚಿದ. ಕ, ಮ, ಲ. ಅವನ ಮಗಳ ಹೆಸರು.

"ಇಟ್ಟರ ನೀವು ಏನರ ಹಚ್ಚಿ ಕಸಗೋತೀರಿ, ಮಾಸ್ತರ. ಇದನ್ನ ಮಾತ್ರ ನಾ ಕೊಡೂದಿಲ್ರಿ."

ನನ್ನ ಕೈಯಲ್ಲಿ 'ಪ', 'ದ' ಇದ್ದವು. ಅವನ ಮೂರಕ್ಕೆ ಹಚ್ಚಿದರೆ 'ಪದಕಮಲ' ಆಗುತ್ತಿತ್ತು. ಎರಡನ್ನೂ ಸದ್ದಿಲ್ಲದೆ ಬಿಲ್ಲೆಗಳ ಚೀಲಕ್ಕೆ ಹಾಕಿ, "ನಾ ಸೋತೆ" ಎಂದೆ. ಮಗಳನ್ನು ಮಣ್ಣು ಮಾಡಿದಾಗಲೂ ಅಳದಿದ್ದ ಸಂಗಪ್ಪ ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಎಷ್ಟೋ ಜನರೊಡನೆ ಆ ಆಟ ಆಡಿದ್ದೇನೆ. ಎದುರಿನವರ ಪದ ಕಸಿದುಕೊಳ್ಳಲು ಮಾತ್ರ ಇಂದಿಗೂ ಕೈ ಬರುವುದಿಲ್ಲ.