ಗೋಡೆಯ ಮೇಲಿನ ನೀಲಿ ಗೆರೆ

ಪರಿಸರದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು ಹೊರಟವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊರಗೆ ನಿಂತು ಬೈಯುತ್ತಿದ್ದೇನೆ ಎಂದು ಯಾರೂ ಅನ್ನುವಂತಿಲ್ಲ, ಅವರಲ್ಲಿ ಒಬ್ಬಳಾಗಿ ಸಂಬಳ ತೆಗೆದುಕೊಂಡವಳು ನಾನು. ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಹುಬ್ಬಳ್ಳಿ ಬಿಟ್ಟು ಹೈದರಾಬಾದಿಗೆ ಬಂದು, ಸನತ್‌ನಗರದಲ್ಲಿ ಮನೆ ಮಾಡಿ, ಕನ್ನಡದ ಜೊತೆಗೆ ತೆಲುಗು, ಹಿಂದಿಯನ್ನೂ ಬಾಯಿಗೆ ಹೊಂದಿಸಿಕೊಂಡಿದ್ದೆ. ಆ ಬಾಯಿಯೇ ನನಗೆ ಕೆಲಸ ಕೊಡಿಸಿತು. ಗಚ್ಚಿಬೌಲಿಯ ಆಚೆಗಿನ ಒಂದು ಕೆರೆಯನ್ನು ಉಳಿಸಲು ಹೊರಟಿದ್ದ ಸಂಸ್ಥೆಗೆ, ದಂಡೆಯ ಗಲ್ಲಿಗಳಲ್ಲಿ ಮನೆಮನೆಗೆ ಹೋಗಿ ಮಾತಾಡುವವರು ಬೇಕಾಗಿದ್ದರು.

ಆ ಗಲ್ಲಿಗಳಲ್ಲಿ ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯವರು. ಸುತ್ತಲಿನ ದೊಡ್ಡ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ಬಂದು, ಅವು ಎದ್ದು ನಿಂತ ಮೇಲೂ ಊರಿಗೆ ಹೋಗದೆ ಉಳಿದವರು. "ಕೆರೆ ಉಳಿಸಿ" ಎಂದರೆ ಅವರು ತಲೆ ಕೂಡ ಎತ್ತುತ್ತಿರಲಿಲ್ಲ. "ನಿಮ್ಮ ಬೋರಿನ ನೀರಿಗೆ ಈ ವಾಸನೆ ಎಲ್ಲಿಂದ ಬಂತು ಗೊತ್ತೈತೇನು" ಎಂದು ಕೇಳಿದರೆ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಹಾಗೆ ಕುಳಿತು ಚಹಾ ಕುಡಿಯುತ್ತ, ಕಸ ಎಲ್ಲಿ ಬೀಳುತ್ತದೆ, ಕೊಳಚೆ ಎಲ್ಲಿ ಸೇರುತ್ತದೆ ಎಂದು ಹೇಳುತ್ತ ಹೋದೆ. ಕೆಲವರು ಕಸವನ್ನು ಕೆರೆಗೆ ಎಸೆಯುವುದನ್ನು ಬಿಟ್ಟು ಮುನ್ಸಿಪಾಲ್ಟಿ ಗಾಡಿಗೆ ಕಾಯತೊಡಗಿದರು. ನಿಧಾನದ ಕೆಲಸ, ಆದರೆ ಆಗುತ್ತಿತ್ತು.

ನಿಧಾನ ಎಂಬುದು ಸಂಸ್ಥೆಯ ಮುಖ್ಯಸ್ಥನಿಗೆ ಆಗಿಬರುತ್ತಿರಲಿಲ್ಲ. ಬೆಂಗಳೂರಿನವನು, ಮೊದಲು ಜಾಹೀರಾತು ಕಂಪನಿಯಲ್ಲಿದ್ದನಂತೆ. ನಾನು ಚಹಾ ಕುಡಿಯುವುದನ್ನು ಫೋಟೊ ತೆಗೆದರೆ ಯಾರು ನೋಡುತ್ತಾರೆ ಎಂಬುದು ಅವನ ಚಿಂತೆ. ಒಂದು ದಿನ ಆಫೀಸಿನ ಮೇಜಿನ ಮೇಲೆ ಕೆರೆಯ ಹಳೆಯ ನಕ್ಷೆ ಹರಡಿ ಕರೆದ.

"ಮೇಡಂ, ಭಾಷಣ ಯಾರಿಗೂ ಬೇಡ. ಕಣ್ಣಿಗೆ ಹೊಡೀಬೇಕು. ಹಿಂದೆ ಕೆರೆ ಎಲ್ಲೀವರೆಗೂ ಇತ್ತೋ ಅಲ್ಲೆಲ್ಲಾ ಮನೆ ಗೋಡೆಗಳ ಮೇಲೆ ಒಂದು ನೀಲಿ ಗೆರೆ. ಅದರ ಕೆಳಗೆ ಕೆರೇನೇ ಮಾತಾಡೋ ಥರ ತೆಲುಗಲ್ಲಿ, 'ಇದು ನನ್ನ ಜಾಗ' ಅಂತ. ನೋಡಿದೋರ ಎದೆ ಝಲ್ ಅನ್ನಬೇಕು."

"ಝಲ್ ಅಂತೈತಿ ಬಿಡ್ರಿ. ನೀವು ತಿಳ್ಕೊಂಡ ಕಾರಣಕ್ಕಲ್ಲ," ಎಂದೆ.

ಈ ಊರಿನಲ್ಲಿ ಕೆರೆಯ ಪಕ್ಕದ ಗೋಡೆಗೆ ಹೊರಗಿನವರು ಬಂದು ಬಣ್ಣದ ಗುರುತು ಹಾಕಿದರೆ ಅದಕ್ಕೆ ಇರುವುದು ಒಂದೇ ಅರ್ಥ, ಹಿಂದೆಯೇ ಮನೆ ಕೆಡವಲು ಜೆಸಿಬಿ ಬರುತ್ತದೆ. ಇದು ಇಲ್ಲಿ ತರಕಾರಿ ಮಾರುವವರಿಗೂ ಗೊತ್ತು. ಅವನಿಗೆ ಬಿಡಿಸಿ ಹೇಳಿದೆ. ಸರ್ಕಾರದವರು ಹಾಕುವುದು ಕೆಂಪು, ನಮ್ಮದು ನೀಲಿ ಎಂದ. ಮೊದಲೇ ಪ್ರತಿ ಮನೆಗೂ ಹೋಗಿ ಅವರ ಭಾಷೆಯಲ್ಲೇ ವಿವರಿಸಿ, ಒಪ್ಪಿದವರ ಗೋಡೆಗೆ ಮಾತ್ರ ಬರೆಯೋಣ, ಅದಕ್ಕೇ ಅಲ್ಲವೇ ನೀವಿರುವುದು ಎಂದೂ ಹೇಳಿದ. ಹೊಗಳಿದ್ದೋ ಚುಚ್ಚಿದ್ದೋ ಆ ಹೊತ್ತಿಗೆ ತಿಳಿಯಲಿಲ್ಲ, ಒಪ್ಪಿ ಹೊರಟೆ.

ಮೊದಲ ಮನೆ ಯಾದಗಿರಿ ಕಡೆಯ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡಿದ್ದ. ಜೋಳದ ರೊಟ್ಟಿ ಬಡಿದು ಹತ್ತಿರದ ಮೆಸ್ಸುಗಳಿಗೆ ಕೊಟ್ಟು, ಎರಡು ಖೋಲಿಯ ಶೀಟಿನ ಮನೆಯೊಂದನ್ನು ಸ್ವಂತಕ್ಕೆ ಮಾಡಿಕೊಂಡಿದ್ದಳು. ಮಗ ಸನತ್‌ನಗರದ ಸಣ್ಣ ಕಾರ್ಖಾನೆಯಲ್ಲಿ ಲೇಥ್ ಕೆಲಸಕ್ಕೆ ಹೋಗುತ್ತಿದ್ದ. ಅವನಿಗೆ ರಾಯಚೂರು ಕಡೆಯ ಹುಡುಗಿಯೊಬ್ಬಳ ಜೊತೆ ಮದುವೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗಿಯ ಕಡೆಯವರು ಬಂದು ಮನೆ ನೋಡುವ ಶಾಸ್ತ್ರವೊಂದು ಬಾಕಿ. ಹೈದರಾಬಾದಿನಲ್ಲಿ ಸ್ವಂತ ಮನೆ ಇದೆ ಎಂಬ ಮಾತಿನ ಮೇಲೆಯೇ ಆ ಸಂಬಂಧ ಅಷ್ಟು ದೂರ ಬಂದಿತ್ತು.

ನಾನು ಗೆರೆಯ ವಿಷಯ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಐತವಾರ ಬೀಗರು ಮನಿ ನೋಡಾಕ ಬರಾಕತ್ತ್ಯಾರ ಅಕ್ಕಾರ. ಗ್ವಾಡಿ ಚಂದ ಕಾಣ್ತೈತೇನ್ರಿ?"

"ಒಂದು ಗೆರಿ ಅಷ್ಟ ಯವ್ವಾ. ಮೊದಲ ಕೆರಿ ಎಲ್ಲೀತನಕ ಇತ್ತು ಅಂತ ನೆನಪಿಗೆ. ಮನಿಗೆ ಏನೂ ಆಗಂಗಿಲ್ಲ."

"ನೀವು ಹೇಳಿದ್ರ ಆತು ಬಿಡ್ರಿ," ಎಂದಳು.

ಶನಿವಾರ ಬಣ್ಣ ಬಳಿದರು. ಎನಾಮಲ್ ಬಣ್ಣ, ಮಳೆಗೂ ಹೋಗುವುದಿಲ್ಲವೆಂದು ಮುಖ್ಯಸ್ಥನಿಗೆ ಬಲು ಹೆಮ್ಮೆ. ಸಂಜೆ ಕೆಲಸದಿಂದ ಮರಳಿದ ಗಂಡಸರು ಗೋಡೆ ನೋಡಿದ್ದೇ ತಡ, ನಮ್ಮನ್ನು ಗಲ್ಲಿಯ ಬಾಯಲ್ಲೇ ಸುತ್ತುಗಟ್ಟಿದರು. ಮನೆ ಖಾಲಿ ಮಾಡಲು ಎಷ್ಟು ದಿನ ಕೊಟ್ಟಿದ್ದೀರಿ ಎಂದು ಒಬ್ಬ ತೆಲುಗಿನಲ್ಲಿ ಕೇಳಿದ. ನೋಟಿಸೇ ಕೊಡದೆ ಗುರುತು ಹಾಕಲು ನೀವ್ಯಾರು ಎಂದು ಇನ್ನೊಬ್ಬ ಹಿಂದಿಯಲ್ಲಿ ಕೇಳಿದ. ಬಕೆಟ್ ಹಿಡಿದಿದ್ದ ನಮ್ಮ ಪೇಂಟರನ ಕಾಲರಿಗೆ ಕೈಹಾಕಿದರು. ನಾನು ಕೂಗಿ ಕೂಗಿ ವಿವರಿಸಿದೆ. ಹಿಂದಿನ ವಾರ ನನ್ನೆದುರು ತಲೆಯಾಡಿಸಿದ್ದವರೇ ಈಗ ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಹೇಳಿದ ಮಾತು ನನ್ನ ಜೊತೆಗೇ ಆಟೊ ಹತ್ತಿ ಮನೆಗೆ ಹೋಗುತ್ತದೆ, ಗೆರೆ ಗೋಡೆಯ ಮೇಲೆ ಉಳಿಯುತ್ತದೆ. ದಾರಿಯಲ್ಲಿ ಹೋಗುವವರಿಗೆಲ್ಲ ಅದರ ಪಕ್ಕ ನಿಂತು ನಾನು ಅರ್ಥ ಹೇಳಲಾಗುತ್ತದೆಯೇ? ಮುಖ್ಯಸ್ಥ ಈ ಗಲಾಟೆಯ ನಡುವೆ ಬಟ್ಟೆಯ ಚೀಲ ಹಂಚಲು ನೋಡಿದ. ಯಾರೋ ಒಂದನ್ನು ಅವನ ಮುಖಕ್ಕೇ ಎಸೆದರು, ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು.

ರೊಟ್ಟಿ ಬಡಿಯುವ ಹೆಂಗಸು ಮಾತ್ರ ಬೈಯಲಿಲ್ಲ. "ಅಳಿಸಿಕೊಡ್ರಿ, ನಾಳೆ ಬರಾಕತ್ತ್ಯಾರ," ಎಂದಷ್ಟೇ ಕೇಳಿದಳು. ನಾನು ಮುಖ್ಯಸ್ಥನಿಗೆ ಹೇಳಿದೆ. ಸೋಮವಾರ ಮುಖ್ಯ ಅತಿಥಿ ಬರ್ತಿದ್ದಾರೆ, ಟಿವಿಯವರಿಗೂ ಹೇಳಿದೆ, ಸೋಮವಾರ ದಾಟಲಿ ಮೇಡಂ ಎಂದ. ಒಂದೇ ಗೋಡೆ, ಅದನ್ನಾದರೂ ಬಿಡಿ ಎಂದೆ. ನಡುವೆ ಗೆರೆ ತುಂಡಾದರೆ ಇಡೀ ಐಡಿಯಾನೇ ಹೋಗುತ್ತೆ ಎಂದು ಕಾರು ಹತ್ತಿದ.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವಳು ಸುಣ್ಣ ಕಲಸಿ ಗೋಡೆಗೆ ಹಚ್ಚುತ್ತಿದ್ದಳು. ಎನಾಮಲಿನ ಮೇಲೆ ಸುಣ್ಣ ನಿಲ್ಲುವುದೇ? ಒಣಗಿದಂತೆ ಪುಡಿಯಾಗಿ ಉದುರಿ ನೀಲಿ ಮತ್ತೆ ಮೂಡಿತು. ಮಗ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ಬೀಗರನ್ನು ಕರೆತರುವ ಹೊತ್ತಿಗೆ ಗೋಡೆಯ ಮೇಲೆ ಹಳೆಯ ಸೀರೆಯೊಂದನ್ನು ಒಣಹಾಕಿದಂತೆ ಇಳಿಬಿಟ್ಟಿದ್ದೆವು.

ಹುಡುಗಿಯ ಸೋದರಮಾವ ಸೆಂಟ್ರಿಂಗ್ ಕೆಲಸದವನು, ಹೈದರಾಬಾದಿನಲ್ಲಿ ಹಿಂದೆ ದುಡಿದವನು. ಪಕ್ಕದ ಮನೆಗಳ ಗೆರೆಯನ್ನು ದಾರಿಯುದ್ದಕ್ಕೂ ನೋಡಿಕೊಂಡೇ ಬಂದಿದ್ದ. ಒಳಗೆ ಕಾಲಿಡುವ ಮೊದಲು ಸೀರೆಯ ಅಂಚು ಎತ್ತಿ ನೋಡಿ, ಮೆಲ್ಲಗೆ ಬಿಟ್ಟ.

"ಇದು ಯಾವಾಗ ಹಾಕಿದ್ರು?"

ನಾನು ಬಾಯಿ ಹಾಕಿದೆ. ಕೆರೆಯ ನೆನಪು, ನಕ್ಷೆ, ಜಾಗೃತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ನೀವು ಯಾರ್ರಿ ಹಂಗಾರ?"

"ಗೆರಿ ಹಾಕಿದವರ ಕಡೆಯಾಕಿ," ಎಂದೆ. ಬೇರೇನು ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಅವರು ಒಳಗೆ ಬಂದರು. ಕುಳಿತರು, ಚಹಾ ಕುಡಿದರು, ಮಳೆಬೆಳೆ ಮಾತಾಡಿದರು. ಒಪ್ಪಿಗೆಯಾದರೆ ಏಳುವ ಮುಂಚೆ ಬಾಯಿಗೆ ಸಕ್ಕರೆ ಹಾಕಿಕೊಳ್ಳುವುದು ಅವರ ರೂಢಿ. ಅವಳು ಸಕ್ಕರೆಯ ಬಟ್ಟಲನ್ನು ಸೋದರಮಾವನ ಮುಂದೆ ಇಟ್ಟಳು, ಸ್ವಲ್ಪ ಹೊತ್ತಿನ ಮೇಲೆ ಇನ್ನಷ್ಟು ಹತ್ತಿರ ಸರಿಸಿದಳು. ಊರಿಗೆ ಹೋಗಿ ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದು ಎದ್ದರು. ಮಗ ಅವರನ್ನು ಕಳಿಸಲು ಹೋಗಲಿಲ್ಲ, ಒಳಖೋಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಅಲ್ಲಿಂದ ನೇರ ಮುಖ್ಯಸ್ಥನ ಅಪಾರ್ಟ್‌ಮೆಂಟಿಗೆ ಹೋದೆ. ಅದೇ ಕೆರೆಯ ಎದುರು ದಂಡೆ. ಹೂಕುಂಡಗಳ ಬಾಲ್ಕನಿಯಿಂದ ಕೆರೆ ಅಂದವಾಗಿಯೇ ಕಾಣುತ್ತದೆ, ಅಷ್ಟು ಎತ್ತರಕ್ಕೆ ವಾಸನೆ ಬರುವುದಿಲ್ಲ.

"ಆ ನಕ್ಷಿ ತೆಗೀರಿ. ನೀರು ನಿಮ್ಮ ಪಾರ್ಕಿಂಗಿನ ಆಚೀತನಕ ಇತ್ತು, ನಾನೂ ನೋಡೀನಿ. ಇಲ್ಲಿ ಗೆರಿ ಯಾವಾಗ ಹಾಕ್ತೀರಿ?"

"ಇಲ್ಲಿ ಅಸೋಸಿಯೇಷನ್ ಪರ್ಮಿಷನ್ ಬೇಕು ಮೇಡಂ. ಸುಮ್ನೆ ಗೋಡೆ ಮೇಲೆಲ್ಲ ಬರೆಯೋಕೆ ಬಿಡಲ್ಲ. ಆಮೇಲೆ ರೀಸೇಲ್ ಅದೂ ಇದೂ ಅಂತ ಜನ ಹೆದರ್ತಾರೆ."

ಅಂದರೆ ಆ ಗೆರೆಯ ಅರ್ಥ ಅವನಿಗೆ ಮೊದಲಿನಿಂದಲೂ ಚೆನ್ನಾಗಿಯೇ ಗೊತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ನಾಳೆಯೊಂದು ದಿನ, ಆಮೇಲೆ ನಿನ್ನ ಕೆಲಸ ನಿನಗೇ ಇರಲಿ ಎಂದೂ ಅಂದೆ. ಅವನು ನೀರು ತಂದು ಕೊಟ್ಟ. ನಾನು ಕುಡಿಯಲಿಲ್ಲ.

ಸೋಮವಾರ ಶಾಮಿಯಾನ, ಮೈಕು, ಕ್ಯಾಮೆರಾ ಬಂದವು. ಮುಖ್ಯ ಅತಿಥಿ ಗೆರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಸುಣ್ಣ ಉದುರಿದ ಆ ಗೋಡೆ ಕಲಾತ್ಮಕವಾಗಿದೆ ಎಂದು ಮೆಚ್ಚಿದರು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದ ಹೆಂಗಸನ್ನು ಕಂಡು, ಈ ಗೆರೆಯಿಂದ ನಿಮಗೇನು ಅರ್ಥವಾಯಿತಮ್ಮ ಎಂದು ತೆಲುಗಿನಲ್ಲಿ ಕೇಳಿದರು. ಅವಳಿಗೆ ತೆಲುಗು ಬಾರದೆ ಏನಿಲ್ಲ. ಆದರೆ ಅವಳು ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಸಾವಕಾಶವಾಗಿ ಹೇಳಿದಳು:

"ಮೊದ್ಲೂ ಭಾಳ ಮಂದಿ ಬಂದಿದ್ರು. ತೆಲುಗಿನಾಗ ಹೇಳಿದ್ರು, ಹಿಂದಿನಾಗ ಹೇಳಿದ್ರು. ನಾ ಯಾರಿಗೂ ಗ್ವಾಡಿ ಮುಟ್ಟಗೊಡಲಿಲ್ಲ. ಈಕಿ ನಮ್ಮ ಮಾತಿನಾಗ ಹೇಳಿದ್ಲು, ನಮ್ಮಾಕಿ ಅಂತ ಹೂಂ ಅಂದೆ. ಇನ್ನ ಮ್ಯಾಲ ನಮ್ಮ ಮಾತಾಡೋರಿಗೂ ಬಾಗಲಾ ತಗ್ಯಂಗಿಲ್ಲ."

ಅತಿಥಿ ನಗುಮುಖದಿಂದ ನನ್ನತ್ತ ಮೈಕು ಚಾಚಿದರು. ಮುಖ್ಯಸ್ಥ ನನ್ನ ಕಿವಿಯ ಹತ್ತಿರ ಬಂದು, ಸ್ವಲ್ಪ ಪಾಸಿಟಿವ್ ಆಗಿ ಹೇಳಿಬಿಡಿ ಮೇಡಂ ಎಂದ.

ಅವಳು ಹೇಳಿದ್ದರಲ್ಲಿ ಒಂದು ಮಾತೂ ಬಿಡದೆ ತೆಲುಗಿನಲ್ಲಿ ಹೇಳಿದೆ. ಮುಗಿಸಿ ತಿರುಗಿದಾಗ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು.